ಮನೆಯಲ್ಲೊಂದು ಸರ್ವರ್: ಚಿತ್ರ, ಧ್ವನಿ, ಕಡತಗಳಿಗೆ ಸ್ವಂತ ಕಣಜ

ಬದನವಾಳು (ನಂಜನಗೂಡು ತಾ.): ಗಾಂಧೀಜಿ 1927ರಲ್ಲಿ ಭೇಟಿ ನೀಡಿದ್ದ ಇಲ್ಲಿನ ಖಾದಿ ಕೇಂದ್ರದಲ್ಲಿ 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಯಿತು. ಅದು ಆಗಲೇ ಮೊಬೈಲ್ ಕ್ಯಾಮೆರಾಗಳ ಕಾಲ. ಅಂದು ಸೆರೆಹಿಡಿದ ಚಿತ್ರಗಳಲ್ಲಿ ಎಷ್ಟು ಉಳಿದಿವೆ ಎಂಬುದನ್ನು ಬಂದವರ ಫೋನು, ಡಿಸ್ಕುಗಳೇ ಹೇಳಬೇಕು. ಮದುವೆಯ ವಿಡಿಯೊ, ಅಜ್ಜಿ ಹಾಡಿದ ಸೋಬಾನೆ ಪದ, ನೀಲಗಾರರ ಮಂಟೇಸ್ವಾಮಿ ಕಥೆಯ ಕ್ಯಾಸೆಟ್ಟು, ಜಮೀನಿನ ಪತ್ರಗಳ ಸ್ಕ್ಯಾನ್ ಪ್ರತಿ ಮುಂತಾದವುಗಳ ಪಾಡೂ ಇದೇ.

ಅಂತರ್ಜಾಲದ ಉಚಿತ ಜಾಗವನ್ನು ನಂಬಿ ಕೂರುವಂತಿಲ್ಲ. ಯಾಹೂ ಸಂಸ್ಥೆಯು ಜಿಯೋಸಿಟೀಸ್ ಸೇವೆಯನ್ನು 2009ರಲ್ಲಿ ಮುಚ್ಚಿತು. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ಕೊನೆಗೊಂಡು, ಇಮೇಲ್ ಸೇರಿ ಎಲ್ಲಕ್ಕೂ 15 ಗಿಗಾಬೈಟ್ ಎಂಬ ಮಿತಿ ಜಾರಿಗೆ ಬಂತು. ಈ ಹಿನ್ನೆಲೆಯಲ್ಲಿ ಮನೆಯಲ್ಲೇ ಸದಾ ಚಾಲನೆಯಲ್ಲಿದ್ದು, ಮನೆಮಂದಿಯ ಕಡತಗಳನ್ನು ಕಾಯ್ದು, ಟಿವಿಗೂ ಮೊಬೈಲಿಗೂ ಒದಗಿಸುವ ಗಣಕಯಂತ್ರವನ್ನು ಅಣಿಗೊಳಿಸಿಕೊಳ್ಳುವುದು ಒಂದು ದಾರಿ. ಇದನ್ನೇ ಹೋಮ್ ಸರ್ವರ್ ಎನ್ನುತ್ತಾರೆ.

ಯಂತ್ರ ಮತ್ತು ವಿದ್ಯುತ್

ಸೈನಾಲಜಿ, ಕ್ಯೂನ್ಯಾಪ್ ಮೊದಲಾದ ಸಂಸ್ಥೆಗಳು ಇದಕ್ಕೆಂದೇ ಪೆಟ್ಟಿಗೆಗಳನ್ನು ಮಾರುತ್ತವೆ. ಆದರೆ ಅಟ್ಟ ಸೇರಿದ ಹಳೆಯ ಲ್ಯಾಪ್‌ಟಾಪ್ ಸಾಕು. ಕರೆಂಟ್ ಹೋದಾಗ ಅದರ ಬ್ಯಾಟರಿಯೇ ಯುಪಿಎಸ್ ಆಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ತೆಗೆಸಿಬಿಡಬೇಕು.

ವಿದ್ಯುತ್ತಿನ ಲೆಕ್ಕವನ್ನು ಮೊದಲೇ ಹಾಕಬೇಕು. 15 ವ್ಯಾಟ್ ಬಳಸುವ ಲ್ಯಾಪ್‌ಟಾಪ್ ಹಗಲಿರುಳು ಓಡಿದರೆ ತಿಂಗಳಿಗೆ ಸುಮಾರು 11 ಯೂನಿಟ್. 60 ವ್ಯಾಟ್‌ನ ಹಳೆಯ ಡೆಸ್ಕ್‌ಟಾಪ್ ಆದರೆ 43 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಪ್ರಮಾಣವನ್ನು ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದಲ್ಲಿ ನಿಗದಿಪಡಿಸಲಾಗಿದೆ. ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಹೀಗಾಗಿ ಪುಕ್ಕಟೆ ಸಿಕ್ಕ ಡೆಸ್ಕ್‌ಟಾಪ್ ಕೊನೆಗೆ ದುಬಾರಿಯಾದೀತು.

ತಂತ್ರಾಂಶಕ್ಕೆ ಹಣ ತೆರಬೇಕಿಲ್ಲ. ಡೆಬಿಯನ್ ಲಿನಕ್ಸ್ ಅಥವಾ ಅದರ ಮೇಲೆ ಕಟ್ಟಲಾದ ಓಪನ್‌ಮೀಡಿಯಾವಾಲ್ಟ್ ಅನ್ನು ಅಳವಡಿಸಿ, ಸಾಂಬಾ ಮೂಲಕ ವಿಂಡೋಸ್ ಯಂತ್ರಗಳಿಗೆ ಕಡತ ಹಂಚಬಹುದು. ಮೊಬೈಲ್ ಚಿತ್ರಗಳನ್ನು ತಾನಾಗಿ ಎಳೆದುಕೊಳ್ಳಲು ಇಮ್ಮಿಚ್, ಸಿನಿಮಾ ಹಾಗೂ ಹಾಡುಗಳಿಗೆ 2018ರ ಕೊನೆಯಲ್ಲಿ ಎಂಬಿಯಿಂದ ಕವಲೊಡೆದ ಜೆಲ್ಲಿಫಿನ್ ಇವೆ. ಹೊಸ ಫೋನುಗಳು ಎಚ್‌ಇವಿಸಿ ಮಾದರಿಯಲ್ಲಿ ಚಿತ್ರೀಕರಿಸುವ ವಿಡಿಯೊ ಹಳೆಯ ಟಿವಿಗೆ ಅರ್ಥವಾಗದಿದ್ದಾಗ ಸರ್ವರ್ ಅದನ್ನು ಆ ಕ್ಷಣವೇ ಮಾರ್ಪಡಿಸಬೇಕಾಗುತ್ತದೆ. ಇದಕ್ಕೆ ಇಂಟೆಲ್ ಚಿಪ್‌ನ ಕ್ವಿಕ್ ಸಿಂಕ್ ನೆರವಾಗುತ್ತದೆ. ರಾಸ್ಪ್‌ಬೆರಿ ಪೈ 5ರಲ್ಲಿ ವಿಡಿಯೊ ಎನ್‌ಕೋಡರ್ ಇಲ್ಲದ ಕಾರಣ ಅದು ಈ ಕೆಲಸಕ್ಕೆ ತಕ್ಕುದಲ್ಲ; ಕಡತ ಕಾಯಲು ಅಡ್ಡಿಯಿಲ್ಲ.

ಒಂದೇ ಪ್ರತಿ ಪ್ರತಿಯಲ್ಲ

ಸರ್ವರ್ ಕೊಂಡ ಮಾತ್ರಕ್ಕೆ ಬ್ಯಾಕಪ್ ಆಯಿತೆಂದು ಭಾವಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಎರಡು ಡಿಸ್ಕ್‌ಗಳಲ್ಲಿ ಏಕಕಾಲಕ್ಕೆ ಬರೆಯುವ ರೇಡ್ ವ್ಯವಸ್ಥೆ ಒಂದು ಡಿಸ್ಕ್ ಕೆಟ್ಟಾಗ ಕಾಪಾಡುತ್ತದೆ. ಕೈತಪ್ಪಿ ಅಳಿಸಿದ ಕಡತವನ್ನು ಎರಡರಲ್ಲೂ ಅಳಿಸುತ್ತದೆ. ಸಿಂಕ್‌ಥಿಂಗ್‌ನಂಥ ತಂತ್ರಾಂಶದಲ್ಲಿಯೂ ಹಳೆಯ ಆವೃತ್ತಿ ಉಳಿಸುವ ಆಯ್ಕೆಯನ್ನು ಚಾಲೂ ಮಾಡದಿದ್ದರೆ ಇದೇ ಗತಿ. ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚುರಪಡಿಸಿದ 3-2-1 ಸೂತ್ರವೇ ಇಂದಿಗೂ ಆಧಾರ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ.

ಈ ಬೇರೆ ಸ್ಥಳದ ವಿಚಾರದಲ್ಲಿ ನಗರವಾಸಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಮೈಸೂರಿನಲ್ಲಿ ನೌಕರಿ, ಬದನವಾಳಿನಂಥ ಊರಿನಲ್ಲಿ ಹಿರಿಯರ ಮನೆ ಇರುವ ಕುಟುಂಬಗಳು ಬೇಕಾದಷ್ಟಿವೆ. ನಗರದ ಮನೆಗೆ ನೀರು ನುಗ್ಗಿದರೂ ಕಳ್ಳರು ಹೊಕ್ಕರೂ ಊರಿನ ಬೀರುವಿನಲ್ಲಿರುವ ಡಿಸ್ಕ್‌ಗೆ ಏನೂ ಆಗದು. ಮೊದಲ ಪ್ರತಿಯನ್ನು ಅಂತರ್ಜಾಲದಲ್ಲಿ ಕಳುಹಿಸುವ ಸಾಹಸ ಬೇಡ. ಸೆಕೆಂಡಿಗೆ 10 ಮೆಗಾಬಿಟ್ ವೇಗದ ಅಪ್‌ಲೋಡ್‌ನಲ್ಲಿ 1 ಟೆರಾಬೈಟ್ ಸಾಗಲು ಒಂಬತ್ತು ದಿನಗಳಿಗೂ ಹೆಚ್ಚು ಬೇಕು. ಡಿಸ್ಕನ್ನು ಚೀಲದಲ್ಲಿಟ್ಟು ಬಸ್ ಹತ್ತಿದರೆ ಅದೇ ದಿನ ತಲುಪುತ್ತದೆ. ಆನಂತರ ಬದಲಾದ ಕಡತಗಳನ್ನಷ್ಟೇ ಆರ್‌ಸಿಂಕ್ ಮೂಲಕ ರಾತ್ರಿ ಕಳುಹಿಸಬಹುದು, ಅಥವಾ ಯುಗಾದಿ, ದೀಪಾವಳಿಗೆ ಊರಿಗೆ ಹೋದಾಗ ಡಿಸ್ಕ್ ಬದಲಾಯಿಸಬಹುದು. ಡಿಸ್ಕ್‌ಗೆ ಗೂಢಲಿಪಿಯ ಬೀಗ ಹಾಕಿದರೆ, ಅದರ ಪಾಸ್‌ವರ್ಡ್ ಕಾಗದದ ಮೇಲೆ ಬರೆದು ಮನೆಯ ಇನ್ನೊಬ್ಬರ ವಶದಲ್ಲಿಯೂ ಇರಬೇಕು. ಮನೆಯಲ್ಲಿ ಸರ್ವರ್ ಬಲ್ಲವರು ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ!

ಹೊರಗಿನಿಂದ ಪ್ರವೇಶ

ಅನೇಕ ಅಂತರ್ಜಾಲ ಸೇವಾದಾರರು ಒಂದೇ ಐಪಿ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವುದರಿಂದ ಹೊರಗಿನಿಂದ ಮನೆಯ ಸರ್ವರನ್ನು ನೇರವಾಗಿ ತಲುಪಲಾಗದು. ಒಂದರ್ಥದಲ್ಲಿ ಒಳ್ಳೆಯದೇ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಕುತಂತ್ರಾಂಶವು ಅಂತರ್ಜಾಲಕ್ಕೆ ತೆರೆದಿಟ್ಟಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತ್ತು. ಟೇಲ್‌ಸ್ಕೇಲ್‌ನಂಥ ಖಾಸಗಿ ಸುರಂಗದ ಸೇವೆ ಬಳಸಿದರೆ ಮನೆಮಂದಿಗಷ್ಟೇ ಬಾಗಿಲು ತೆರೆಯುತ್ತದೆ.

ಅಂತರ್ಜಾಲವೇ ಇಲ್ಲದೆಯೂ ಸರ್ವರ್ ನಡೆಯಬಲ್ಲದು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆಯು ರಾಸ್ಪ್‌ಬೆರಿ ಪೈಗಳನ್ನು ಬಳಸಿ ಸಮುದಾಯದ ವೈಫೈ ಜಾಲ ಕಟ್ಟಿ, ಸ್ಥಳೀಯರ ಧ್ವನಿಮುದ್ರಣಗಳನ್ನು ಅದರಲ್ಲಿ ಇರಿಸುವ ಪ್ರಯೋಗ ನಡೆಸಿದೆ.

ಹಳೆಯ ಕನ್ನಡ ಕಡತಗಳು

ನುಡಿ, ಬರಹ, ಶ್ರೀಲಿಪಿಯ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಆದ್ದರಿಂದ ಫಾಂಟ್‌ಗಳನ್ನೂ ಅದೇ ಕಡತಕೋಶದಲ್ಲಿ ಉಳಿಸಿ, ಯೂನಿಕೋಡ್‌ಗೆ ಪರಿವರ್ತಿಸಿದ ಪ್ರತಿಯನ್ನು ಪಕ್ಕದಲ್ಲಿಡಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು, ಮೂಲವನ್ನು ಅಳಿಸಬಾರದು. ಮೂರು ತಿಂಗಳಿಗೊಮ್ಮೆ ಊರಿನ ಡಿಸ್ಕ್‌ನಿಂದ ಯಾವುದಾದರೂ ಹತ್ತು ಕಡತಗಳನ್ನು ಬೇರೆ ಯಂತ್ರಕ್ಕೆ ಇಳಿಸಿ, ತೆರೆದು ನೋಡುವುದು ಒಳ್ಳೆಯದು.