ಡಿಫರೆಂಟ್, ಬ್ಯಾರೆ, ಫರಕ

‘ಡಿಫರೆಂಟ್’ ಇಂಗ್ಲಿಷಿನ ಗುಣವಾಚಕ. ಒಂದು ಇನ್ನೊಂದರ ಹಾಗಿಲ್ಲ ಎಂದು ಹೇಳುವ ಮಾತು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಆಡುಮಾತಿಗೂ ಅದು ಬಂದು ಸೇರಿದೆ. ಆದರೆ ಆ ಕೆಲಸವನ್ನು ಇಲ್ಲಿನ ಹಳೆಯ ಮಾತುಗಳು ಮೊದಲೇ ಹಂಚಿಕೊಂಡಿದ್ದರಿಂದ ಅದಕ್ಕೆ ಸಿಕ್ಕ ಜಾಗ ಸಣ್ಣದು.

ಲ್ಯಾಟಿನ್ ಮೂಲ

ಲ್ಯಾಟಿನ್ನಿನ ‘ಡಿಫೆರ್ರೆ’ ಕ್ರಿಯಾಪದದಲ್ಲಿ ಎರಡು ತುಂಡುಗಳಿವೆ. ‘ಡಿಸ್’ ಅಂದರೆ ಅತ್ತ ಇತ್ತ, ‘ಫೆರ್ರೆ’ ಅಂದರೆ ಹೊರು. ಒಂದೊಂದನ್ನು ಒಂದೊಂದು ದಿಕ್ಕಿಗೆ ಹೊತ್ತೊಯ್ದರೆ ಅವು ಬೇರೆಬೇರೆ ಆದವು. ಈ ಅರ್ಥ ಫ್ರೆಂಚ್ ಹಾದು 14ನೆಯ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂತು. ಹೊತ್ತೊಯ್ದು ಆಚೆ ಇಡುವುದೆಂದರೆ ಮುಂದೂಡುವುದೂ ಹೌದು. ಆ ಅರ್ಥದ ‘ಡಿಫರ್’ ಕೂಡ ಅಲ್ಲಿಯದೇ.

‘ಫೆರ್ರೆ’ ಮತ್ತು ಸಂಸ್ಕೃತದ ‘ಭೃ’ ಒಂದೇ ಇಂಡೋ-ಯುರೋಪಿಯನ್ ಬೇರಿನವು. ‘ಭೃ’ವಿನಿಂದ ‘ಭಾರ’. ಟ್ರೇಲರಿಗೆ ಹೇರಿದ ಕಬ್ಬಿನ ಭಾರಕ್ಕೂ ‘ಡಿಫರೆಂಟ್’ಗೂ ಹೀಗೊಂದು ದೂರದ ನಂಟು. ಬೇರೆ ಎಂಬರ್ಥದ ಸಂಸ್ಕೃತದ ಮಾತು ‘ಭಿನ್ನ’ಕ್ಕೂ ಅಂಥ ಬಂಧುವಿದೆ: ಸೀಳು ಎಂಬ ಅರ್ಥದ ‘ಭಿದ್’ ಧಾತುವಿಗೆ ಲ್ಯಾಟಿನ್ನಿನ ‘ಫಿಂಡೆರೆ’ ದಾಯಾದಿ, ಅಣುವಿದಳನದ ‘ಫಿಷನ್’ ಬಂದದ್ದು ಅದರಿಂದ. ಬೆರಳು ಮುರಿದ ಮೂರ್ತಿಯನ್ನು ‘ಭಿನ್ನ ಆಗೈತಿ’ ಎಂದು ಪೂಜೆಯಿಂದ ತೆಗೆಯುವ ನಮ್ಮ ಮಂದಿಯ ಬಾಯಲ್ಲಿ ಆ ಹಳೆಯ ಅರ್ಥ ಇನ್ನೂ ಬದುಕಿದೆ.

ಬ್ಯಾರೆ

ಇದು ದ್ರಾವಿಡದ್ದು. ತಮಿಳಿನ ‘ವೇಱು’ವಿನಲ್ಲಿರುವ ವಕಾರ ಕನ್ನಡದಲ್ಲಿ ಬಕಾರವಾಗಿ ‘ಬೇರೆ’, ಈ ಸೀಮೆಯ ಬಾಯಲ್ಲಿ ‘ಬ್ಯಾರೆ’. ‘ಅಣ್ಣತಮ್ಮರು ಬ್ಯಾರೆ ಆಗ್ಯಾರ’ ಎಂದರೆ ಒಲೆ ಎರಡಾಗಿದೆ, ಹೊಲದ ವಾಟ್ನಿ (ಪಾಲು) ಆಗಿದೆ ಇಲ್ಲವೇ ಇನ್ನೇನು ಆಗಲಿದೆ. ‘ಅವನ ಮಾತ ಬ್ಯಾರೆ’ ಎಂದರೆ ಹೊಗಳಿಕೆ, ದನಿ ನೋಡಿ ಕೆಲವೊಮ್ಮೆ ಕುಟುಕು.

ಫರಕ, ತಫಾವತು

ಎರಡೂ ಅರಬ್ಬಿ ಮೂಲದವು. ಪಾರಸಿ, ಮರಾಠಿ ದಾಟಿ ಬಂದವು. ಆದಿಲಶಾಹಿ, ನಂತರ ಮರಾಠರ ಆಡಳಿತ, 1956ರವರೆಗೆ ಮುಂಬಯಿ ರಾಜ್ಯ: ಈ ಸೀಮೆಯ ಲೆಕ್ಕಪತ್ರಕ್ಕೆ ಇಂಥ ಮಾತುಗಳು ಅಂಟಿದ್ದರಲ್ಲಿ ಅಚ್ಚರಿಯಿಲ್ಲ. ತಫಾವತು ಹೆಚ್ಚಾಗಿ ಲೆಕ್ಕದ ಪುಸ್ತಕದಲ್ಲೇ ಉಳಿಯಿತು, ಫರಕ ಎಲ್ಲರ ನಾಲಿಗೆಗೆ ಹತ್ತಿತು. ಅಳೆದು ತೋರಿಸಬಹುದಾದ ಅಂತರ ಫರಕ. ‘ತೂಕದಾಗ ಫರಕ ಬಂದೈತಿ’ ಎಂಬ ದೂರು ಕಬ್ಬಿನ ಹಂಗಾಮಿನಲ್ಲಿ ಹೊಸದೇನಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕೂತ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿದರು, ಸರಕಾರ 3,300ಕ್ಕೆ ನಿಲ್ಲಿಸಿತು. ಆ ಇನ್ನೂರು ರೂಪಾಯಿಗೆ ಫರಕ ಎಂಬ ಮಾತೇ ಸರಿ. ‘ಭಿನ್ನತೆ’ ಎಂದರೆ ಯಾರೂ ಕಿವಿಗೊಡಲಾರರು.

ಈ ನಡುವೆ ಡಿಫರೆಂಟ್

ಅಂಗಿ, ಸಿನೆಮಾ, ಮದುವೆ ಪತ್ರಿಕೆ ನೋಡಿ ‘ಭಾಳ ಡಿಫರೆಂಟ್ ಐತಿ’ ಎನ್ನುತ್ತಾರೆ. ಹೊಸ ನಮೂನಿ, ಚಂದ ಎಂಬಷ್ಟೇ ಅರ್ಥ. ತೂಕಕ್ಕೂ ವಾಟ್ನಿಗೂ ಅದು ಕಾಲಿಟ್ಟಿಲ್ಲ. ಅದರ ಬಳಗದ ‘ಡಿಫರೆನ್ಷಿಯಲ್’ ಮಾತ್ರ ಟ್ರ್ಯಾಕ್ಟರ್ ಜೊತೆ ಹೊಲಕ್ಕೇ ಇಳಿದಿದೆ. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡಕ್ಕೂ ಬೇರೆಬೇರೆ ವೇಗ ಹಂಚುವ ಗಿಯರ್ ಜೋಡಣೆ ಅದು. ಕೆಸರಿನಲ್ಲಿ ಒಂದೇ ಗಾಲಿ ಗರಗರ ಸುತ್ತತೊಡಗಿದರೆ ಡ್ರೈವರ್ ಅದರ ಲಾಕ್ ತುಳಿಯುತ್ತಾನೆ, ಎರಡೂ ಗಾಲಿ ಒಂದೇ ವೇಗದಲ್ಲಿ ತಿರುಗಿ ಗಾಡಿ ಮೇಲೇಳುತ್ತದೆ.