ಬೇಟೆಯ ಬಯಲಿನಿಂದ ಬಡಾವಣೆಯ ಬೀದಿಗೆ: ದೊಡ್ಡ ನಾಯಿಯ ಹತೋಟಿಯ ಚರಿತ್ರೆ

ದಕ್ಷಿಣ ಬೆಂಗಳೂರಿನ ಪದ್ಮನಾಭನಗರದಂಥ ಬಡಾವಣೆಗಳಲ್ಲಿ ಸಾಕುನಾಯಿಯನ್ನು ಹಗ್ಗ ಹಿಡಿದು ಬೀದಿಯಲ್ಲಿ ನಡೆಸುವುದು ನಿತ್ಯದ ರೂಢಿಯಾಗಿದ್ದರೂ, ಕನ್ನಡ ನಾಡಿನ ಮಟ್ಟಿಗೆ ಇದು ಹಳೆಯ ರೂಢಿಯಲ್ಲ. ಈ ನಾಡಿನವರು ಸಾವಿರ ವರ್ಷಕ್ಕೂ ಹಿಂದಿನಿಂದ ದೊಡ್ಡ ನಾಯಿಗಳನ್ನು ಸಾಕಿಕೊಂಡು ಬಂದವರೇ. ಆದರೆ ಅಂಥ ನಾಯಿಯನ್ನು ದಿನಕ್ಕೆರಡು ಬಾರಿ, ಅದಕ್ಕಿಂತ ಚಿಕ್ಕ ನಾಯಿಗಳು ಬೊಗಳುತ್ತ ಹಲ್ಲು ಕಿರಿಯುತ್ತ ಎದುರಾಗುವ ಇಕ್ಕಟ್ಟಿನ ದಾರಿಯಲ್ಲಿ ಕರೆದೊಯ್ಯಬೇಕಾಗಿ ಬಂದದ್ದು ಊರು ಬಡಾವಣೆಗಳಾಗಿ ಹರಡಿದ ಮೇಲೆ. ಕೆಣಕುವ ಚಿಕ್ಕ ನಾಯಿಯೆದುರು ದೊಡ್ಡ ನಾಯಿ ತಾಳ್ಮೆಗೆಡದಂತೆ ನೋಡಿಕೊಳ್ಳುವ ಪ್ರಶ್ನೆಯನ್ನು ಸಾಮಾನ್ಯವಾಗಿ ನಾಯಿಯ ಜಾತಿಗೋ ಗುಣಕ್ಕೋ ಕಟ್ಟಿಹಾಕಲಾಗುತ್ತದೆ. ಅದು ಮೊದಲು ಜಾಗದ ಪ್ರಶ್ನೆ, ಆಮೇಲೆ ಹಗ್ಗ ಹಿಡಿದ ಮನುಷ್ಯನ ಪ್ರಶ್ನೆ ಎಂಬುದನ್ನು ಅದರ ಚರಿತ್ರೆಯೇ ತೋರಿಸಿಕೊಡುತ್ತದೆ.

ಕನ್ನಡದ ನಾಯಿಗಳಲ್ಲಿ ಅತ್ಯಂತ ಹೆಸರುವಾಸಿಯಾದದ್ದರ ಸ್ಮಾರಕ ಬೆಂಗಳೂರಿನಲ್ಲಿಯೇ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು ಶಕವರ್ಷ 872ರದು, ಅಂದರೆ ಕ್ರಿ.ಶ. 949–50ರ ಕಾಲದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಇಮ್ಮಡಿ ಬೂತುಗ, ತನ್ನ ಸೇವಕ ಮಣಲೆರನ ಶೌರ್ಯಕ್ಕೆ ಮೆಚ್ಚಿ ಬೇಕಾದದ್ದನ್ನು ಕೇಳೆಂದಾಗ ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನೆಂದೂ, ಆ ನಾಯಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಪರಸ್ಪರ ಹೋರಾಡಿ ಸತ್ತವೆಂದೂ ಶಾಸನ ತಿಳಿಸುತ್ತದೆ. ಕಾಳಿಯ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿ ಬಿಟ್ಟು, ಆ ದೇವಾಲಯದ ಗೊರವನು, ಅಂದರೆ ಶೈವ ಅರ್ಚಕನು, ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ವಿಧಿಸಲಾಗಿದೆ. ಬಾಯಿಲ್ಲದ ಪ್ರಾಣಿಯೊಂದಕ್ಕೆ ವೀರನ ಸ್ಥಾನವನ್ನು ಇಷ್ಟು ನೇರವಾಗಿ ಕೊಟ್ಟ ದಾಖಲೆಗಳು ವಿರಳ. ಇಲ್ಲಿ ಗಮನಿಸಬೇಕಾದದ್ದು, ಕಾಳಿಯ ಮುನ್ನುಗ್ಗುವ ಗುಣವನ್ನು ತಡೆಯಬೇಕಾದ ದೋಷವೆಂದು ಯಾರೂ ಎಣಿಸಲಿಲ್ಲ. ಅದೇ ಅದರ ಯೋಗ್ಯತೆಯಾಗಿತ್ತು.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ರಾಜನ ವಿನೋದಗಳ ನಡುವೆ ಸಾರಮೇಯ ವಿನೋದ ಎಂಬ ಪ್ರಕರಣವೇ ಇದೆ. ಸಾರಮೇಯ ಎಂದರೆ ನಾಯಿ. ಒಳ್ಳೆಯ ನಾಯಿಯನ್ನು ಆರಿಸುವುದೂ ಅದನ್ನು ಬೇಟೆಗೆ ಬಿಡುವುದೂ ಅಲ್ಲಿನ ವಿಷಯ. ಅರಮನೆಯ ಬೇಟೆನಾಯಿಗೆ ಆಳು, ಕಟ್ಟುವ ಜಾಗ, ಬಿಡುವ ಹೊತ್ತು ಎಲ್ಲವೂ ಗೊತ್ತುಮಾಡಿದವಾಗಿದ್ದುದರಿಂದ, ಬಿಡುವ ಗಳಿಗೆಯನ್ನು ತಪ್ಪದೆ ಆರಿಸುವುದೇ ಅದನ್ನು ಹಿಡಿದವನ ಕೌಶಲವಾಗಿತ್ತು. ಇಂದಿನ ಬಡಾವಣೆಯಲ್ಲಿ ಹಗ್ಗ ಹಿಡಿದವನ ಕೌಶಲವಾದರೋ ಎಂದೆಂದಿಗೂ ಬಿಡದಿರುವುದರಲ್ಲಿದೆ.

ಈ ಬೇಟೆಯ ಪರಂಪರೆ ಇಂದಿಗೂ ಜೀವಂತವಾಗಿರುವುದು ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ. ಅಲ್ಲಿಯ ಘೋರ್ಪಡೆ ಮನೆತನದ ಅರಸ ಮಾಲೋಜಿರಾವ್ ಆಸ್ಥೆ ವಹಿಸಿ ತಳಿಯನ್ನು ಬೆಳೆಸಿದ್ದರಿಂದ ಆ ನಾಯಿಗೆ ಊರಿನ ಹೆಸರೇ ನಿಂತಿತು. 2005ರ ಜನವರಿಯಲ್ಲಿ ಭಾರತೀಯ ಅಂಚೆ ಇಲಾಖೆ ಹೊರತಂದ ನಾಲ್ಕು ನಾಯಿತಳಿಗಳ ಅಂಚೆಚೀಟಿಗಳಲ್ಲಿ ಮುಧೋಳವೂ ಒಂದು. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವೊಂದು ಮುಧೋಳದ ಬಳಿಯ ತಿಮ್ಮಾಪುರದಲ್ಲಿದೆ. ಸುಮಾರು 70 ಸೆಂಟಿಮೀಟರ್ ಎತ್ತರದ ಈ ನಾಯಿ ಬೇಟೆಯನ್ನು ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಹಿಡಿಯುವ ಜಾತಿಗೆ ಸೇರಿದ್ದು. ದೂರದಲ್ಲಿ ಚಿಕ್ಕದೇನಾದರೂ ಓಡಿದರೆ ಅದರ ಹಿಂದೆ ಬೀಳುವುದು ಅದರ ರಕ್ತದಲ್ಲಿದೆ. ಎರೆಹೊಲದ ಬಯಲಿನಲ್ಲಿ ಆ ಚಿಕ್ಕದು ಮೊಲವಾಗಿರುತ್ತದೆ, ಬಡಾವಣೆಯ ಅಡ್ಡರಸ್ತೆಯಲ್ಲಿ ಗೇಟಿನ ಸಂದಿಯಿಂದ ನುಸುಳಿ ಬಂದ ಬಿಳಿ ಪಾಮರೇನಿಯನ್ ಆಗಿರುತ್ತದೆ. ಕೆಣಕಿ ಬೊಗಳಿದ ಚಿಕ್ಕ ನಾಯಿ ಹೆದರಿ ತಿರುಗಿ ಓಡಿದ ಕ್ಷಣದಲ್ಲಿಯೇ ಅಪಾಯ ಹೆಚ್ಚುವುದು ಇದೇ ಕಾರಣಕ್ಕೆ: ಅಲ್ಲಿಯವರೆಗೆ ಜಗಳವಾಗಿದ್ದದ್ದು ಬೇಟೆಯಾಗಿ ಮಾರ್ಪಡುತ್ತದೆ.

ಹಳ್ಳಿಯಲ್ಲಿ ಈ ಮಾರ್ಪಾಟಿಗೆ ಎಡೆ ಕಡಿಮೆಯಿತ್ತು. ಕುರುಬರ ಹಟ್ಟಿಯ ನಾಯಿ, ಹೊಲ ಕಾಯುವ ನಾಯಿ, ಕೇರಿಯ ನಾಯಿ ಇವೆಲ್ಲ ಹಗ್ಗವಿಲ್ಲದೆ ಓಡಾಡುತ್ತ, ಒಂದರ ಎಲ್ಲೆ ಇನ್ನೊಂದಕ್ಕೆ ತಿಳಿದಿರುತ್ತ, ಎದುರಾದರೆ ಬಳಸಿ ಹೋಗುವಷ್ಟು ಜಾಗವನ್ನು ಹೊಂದಿದ್ದವು. ಪದ್ಮನಾಭನಗರದ ಸುತ್ತಲಿನ ಕದಿರೇನಹಳ್ಳಿ, ಚಿಕ್ಕಲ್ಲಸಂದ್ರ, ಉತ್ತರಹಳ್ಳಿಗಳು ನಗರ ಬಂದು ಮುಟ್ಟುವವರೆಗೆ ಇಂಥ ಊರುಗಳೇ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ 1976ರಲ್ಲಿ ಸ್ಥಾಪನೆಯಾದ ಮೇಲೆ ದಕ್ಷಿಣದ ಈ ಭಾಗದಲ್ಲಿ ಬಡಾವಣೆಗಳು ವೇಗವಾಗಿ ಹರಡಿದವು. ಹೊಲಗಳು 30 ಅಡಿ ಅಗಲ 40 ಅಡಿ ಉದ್ದದ, 40 ಅಡಿ ಅಗಲ 60 ಅಡಿ ಉದ್ದದ ನಿವೇಶನಗಳಾಗಿ ತುಂಡಾದವು, ಊರಿನ ನಾಯಿಗಳು ಮಾತ್ರ ಇದ್ದಲ್ಲೇ ಉಳಿದು ಬೀದಿನಾಯಿಗಳೆನಿಸಿಕೊಂಡವು. ಹೊಸ ಮನೆಗಳ ಕಾಂಪೌಂಡಿನೊಳಕ್ಕೆ ಕಾವಲಿಗೆಂದು ಆಲ್ಸೇಷಿಯನ್, ಡಾಬರ್‌ಮನ್‌ಗಳು ಬಂದವು. ಇವೆರಡೂ 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ರೂಪುಗೊಂಡ ತಳಿಗಳು. ಕುರಿಮಂದೆ ಕಾಯಲು, ಮನುಷ್ಯನ ಮೈಗಾವಲಿಗೆ ಒದಗಲು ಬೆಳೆಸಿದ ಪ್ರಾಣಿಗಳನ್ನು ಕಬ್ಬಿಣದ ಗೇಟಿನ ಹಿಂದೆ ಚೈನಿನಲ್ಲಿ ಕಟ್ಟಿ, ಬೀದಿಯಲ್ಲಿ ಹೋಗುವ ಪ್ರತಿಯೊಂದು ನಾಯಿಯನ್ನೂ ನೋಡಿ ಬೊಗಳಲು ಬಿಟ್ಟದ್ದು ದೊಡ್ಡ ನಾಯಿಯ ಕೆಟ್ಟ ಅಭ್ಯಾಸಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ಮೂಲವಾಯಿತೆಂದರೆ ತಪ್ಪಾಗದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ವಿಭಾಗ, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಒದಗಿಸದಿರುವುದನ್ನು ಅಪರಾಧಗಳ ಸಾಲಿಗೆ ಸೇರಿಸಿ ಅರವತ್ತು ವರ್ಷಗಳೇ ಕಳೆದಿದ್ದರೂ, ಬಡಾವಣೆಗಳಲ್ಲಿ ಅದನ್ನು ನೆನೆಯುವವರು ಕಡಿಮೆ.

ಚಿಕ್ಕ ನಾಯಿಗಳೂ ಇದೇ ಕಾಲದಲ್ಲಿ ಹೆಚ್ಚಿದವು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನ ಹದವಾದ ಹವೆ ದಟ್ಟ ಕೂದಲಿನ ಪಾಮರೇನಿಯನ್‌ಗೆ ಹೊಂದಿಕೊಂಡಿತು. ಜನ ಹಾಗೆಂದು ಕರೆಯುವ ನಾಯಿ ಹೆಚ್ಚಿನ ಪಾಲು ಇಂಡಿಯನ್ ಸ್ಪಿಟ್ಜ್ ಎಂಬ ತಳಿಯದು. 2003ರಲ್ಲಿ ಹಚ್ ಕಂಪನಿಯ ಮೊಬೈಲ್ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆ ನಡೆದ ಪಗ್ ದೇಶದ ಮಧ್ಯಮ ವರ್ಗದ ಮನೆಗಳನ್ನು ಹೊಕ್ಕಿತು.

ಆದರೆ ಪದ್ಮನಾಭನಗರದ ಬೀದಿಯಲ್ಲಿ ದೊಡ್ಡ ನಾಯಿಯನ್ನು ಕೆಣಕುವುದು ಹೆಚ್ಚಾಗಿ ಸಾಕಿದ ಚಿಕ್ಕ ನಾಯಿಯಲ್ಲ. 30 ಕಿಲೋ ತೂಗುವ ಲ್ಯಾಬ್ರಡಾರ್‌ನ ಅರ್ಧ ತೂಕದ, ಎರಡು ಮೂರರ ಗುಂಪಿನಲ್ಲಿ ತಮ್ಮ ತಿರುವನ್ನು ಕಾಯುವ ಬೀದಿನಾಯಿಗಳು. ಇದರ ಹಿಂದೆ ಕಾನೂನಿನ ಚರಿತ್ರೆಯೊಂದಿದೆ. ನಗರಸಭೆಗಳು ಬೀದಿನಾಯಿಗಳನ್ನು ಹಿಡಿದು ಕೊಲ್ಲುತ್ತಿದ್ದ ಹಳೆಯ ಪದ್ಧತಿಯನ್ನು ಕೊನೆಗಾಣಿಸಿದ 2001ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಮರಳಿ ಬಿಡಬೇಕೆಂದು ವಿಧಿಸಿದವು. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ನಾಯಿಗಳ ದಾಳಿಗೆ ಮಕ್ಕಳು ಬಲಿಯಾದಾಗ ಈ ನೀತಿಯ ವಿರುದ್ಧ ದೊಡ್ಡ ಆಕ್ರೋಶವೆದ್ದಿತಾದರೂ, 2023ರ ಹೊಸ ನಿಯಮಗಳಲ್ಲಿಯೂ ಅದೇ ತತ್ವ ಉಳಿಯಿತು. ಪಾಲಿಕೆಯ ಗಣತಿಯಂತೆ 2019ರಲ್ಲಿ ನಗರದಲ್ಲಿ ಸುಮಾರು 3.10 ಲಕ್ಷವಿದ್ದ ಬೀದಿನಾಯಿಗಳು 2023ರಲ್ಲಿ ಸುಮಾರು 2.79 ಲಕ್ಷಕ್ಕೆ ಇಳಿದವು. ದೊಡ್ಡ ನಾಯಿಯ ಒಡೆಯನ ಪಾಲಿಗೆ ಈ ನೀತಿಯ ಫಲ ಬೇರೊಂದು ಬಗೆಯದು: ಅದೇ ತಿರುವಿನಲ್ಲಿ ಅದೇ ನಾಯಿ ವರ್ಷಗಟ್ಟಲೆ ಇರುತ್ತದೆ, ಎದುರಾಟ ಪ್ರತಿದಿನ ಮರುಕಳಿಸುತ್ತದೆ. ಒಮ್ಮೆ ಗದರಿಸಿ ಗೆಲ್ಲುವುದರಿಂದ ಏನೂ ಮುಗಿಯುವುದಿಲ್ಲವಾದ್ದರಿಂದ, ದೀರ್ಘಕಾಲದ ಒಗ್ಗಿಸುವಿಕೆ ಅನಿವಾರ್ಯವಾಯಿತು.

ಗದರಿಸಿ ಗೆಲ್ಲುವ ಪದ್ಧತಿಗೂ ತನ್ನದೇ ವಂಶಾವಳಿಯಿದೆ. ಜರ್ಮನಿಯ ಪೊಲೀಸ್ ನಾಯಿಗಳ ತರಬೇತುದಾರ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಕೈಪಿಡಿ, ಬಲವಂತ ಮತ್ತು ಶಿಕ್ಷೆಯನ್ನು ತರಬೇತಿಯ ಆಧಾರಗಳಲ್ಲಿ ಸೇರಿಸಿತು; ಕೊರಳನ್ನು ಬಿಗಿಯುವ ಚೈನು ಅಂಥ ಪರಂಪರೆಯ ಉಪಕರಣ. ಸೆರೆಯಲ್ಲಿದ್ದ ತೋಳಗಳನ್ನು ನೋಡಿ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ನಾಯಿಗೆ ತಾನೇ ಯಜಮಾನನೆಂದು ಮನುಷ್ಯ ತೋರಿಸಿಕೊಡಬೇಕೆಂಬ ನಂಬಿಕೆ ಹಬ್ಬಿತು. ಕಾಡಿನ ತೋಳಗಳ ಗುಂಪು ತಂದೆತಾಯಿ ಮರಿಗಳ ಕುಟುಂಬವೇ ಹೊರತು ಅಧಿಕಾರಕ್ಕಾಗಿ ಕಾದಾಡುವ ಪಡೆಯಲ್ಲವೆಂದು ಡೇವಿಡ್ ಮೆಕ್ 1999ರಲ್ಲಿ ಬರೆದು ಈ ನಂಬಿಕೆಯ ಬುಡವನ್ನೇ ಅಲುಗಿಸಿದರು; 2008ರಲ್ಲಿ ಅಮೆರಿಕದ ಪಶುವೈದ್ಯ ವರ್ತನಾತಜ್ಞರ ಸಂಘ, ಯಜಮಾನಿಕೆಯ ಸಿದ್ಧಾಂತವನ್ನು ನಾಯಿಯ ನಡತೆ ತಿದ್ದಲು ಬಳಸುವುದರ ವಿರುದ್ಧ ಎಚ್ಚರಿಸಿತು. ಬೆಂಗಳೂರಿನ ಮನೆಗಳಲ್ಲಿ ಹಳೆಯ ನಂಬಿಕೆ ಇನ್ನೂ ಗಟ್ಟಿಯಾಗಿಯೇ ಇದೆ.

ಅದು ಬೀದಿಯಲ್ಲಿ ಮಾಡುವ ಹಾನಿಯನ್ನು ಹತ್ತಿರದಿಂದ ನೋಡಬೇಕು. ಎದುರಿನ ಗೇಟಿನಿಂದ ಚಿಕ್ಕ ನಾಯಿ ಬೊಗಳಿದಾಗ ದೊಡ್ಡ ನಾಯಿ ಮೊದಲು ಮಾಡುವುದು ಬೊಗಳುವುದನ್ನಲ್ಲ. ಅದು ತೆರೆದ ಬಾಯನ್ನು ಮುಚ್ಚುತ್ತದೆ, ಕಿವಿಗಳನ್ನು ಮುಂದಕ್ಕೆ ನಿಮಿರಿಸುತ್ತದೆ, ಮೈಭಾರವನ್ನು ಮುಂಗಾಲಿಗೆ ತಂದು ಕ್ಷಣಕಾಲ ಕಲ್ಲಾಗುತ್ತದೆ. ಇದೇ ಹೊತ್ತಿಗೆ ಗಾಬರಿಯಾದ ಒಡೆಯ ಹಗ್ಗವನ್ನು ಬಿಗಿಯಾಗಿ ಎಳೆದರೆ ನಾಯಿಯ ತಲೆ ಮೇಲೇಳುತ್ತದೆ, ಎದೆ ಮುಂದೆ ಬರುತ್ತದೆ. ಎದುರಿನ ನಾಯಿಯ ಕಣ್ಣಿಗೆ ಈ ನಿಲುವು ನೇರ ಸವಾಲಾಗಿ ಕಾಣುವುದರಿಂದ ಅದರ ಬೊಗಳಾಟ ಇಮ್ಮಡಿಸುತ್ತದೆ. ಕೊರಳಿನ ನೋವೂ ಎದುರಿನ ನಾಯಿಯ ನೋಟವೂ ಒಟ್ಟಿಗೇ ಬರುವುದು ಪದೇ ಪದೇ ನಡೆದರೆ, ಚಿಕ್ಕ ನಾಯಿ ಕಂಡರೆ ನೋವಾಗುತ್ತದೆಂಬುದನ್ನೇ ದೊಡ್ಡ ನಾಯಿ ಕಲಿಯುತ್ತದೆ.

ಇದಕ್ಕೆ ಬದಲಾದ ವಿಧಾನದ ಬೇರು ಇರುವುದು ಮಕ್ಕಳ ಮನಶ್ಶಾಸ್ತ್ರದಲ್ಲಿ. ಮೊಲಕ್ಕೆ ಹೆದರುತ್ತಿದ್ದ ಮಗುವೊಂದಕ್ಕೆ ಮೆಚ್ಚಿನ ತಿನಿಸು ಕೊಡುತ್ತ, ಮೊಲವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಭಯವನ್ನು ಕರಗಿಸಿದ ಪ್ರಯೋಗವನ್ನು ಮೇರಿ ಕವರ್ ಜೋನ್ಸ್ 1924ರಲ್ಲಿ ಪ್ರಕಟಿಸಿದರು. ಜೋಸೆಫ್ ವೋಲ್ಪೆ 1958ರಲ್ಲಿ ಇಂಥ ಹಂತಹಂತದ ಒಗ್ಗಿಸುವಿಕೆಗೆ ವ್ಯವಸ್ಥಿತ ರೂಪ ಕೊಟ್ಟರು. ನಾಯಿಗೆ ಇದನ್ನು ಅನ್ವಯಿಸುವಾಗ ಮೊದಲು ತಿಳಿಯಬೇಕಾದದ್ದು ಸಹನೆಯ ಅಂತರ, ಅಂದರೆ ಚಿಕ್ಕ ನಾಯಿ ಕಣ್ಣಿಗೆ ಬಿದ್ದರೂ ದೊಡ್ಡ ನಾಯಿ ಮೈ ಬಿಗಿಯದೆ, ಕೊಟ್ಟ ತಿನಿಸನ್ನು ತಿನ್ನಬಲ್ಲಷ್ಟು ದೂರ. ತಿನಿಸನ್ನು ಮೂಸದೆ ಬಿಟ್ಟಿತೆಂದರೆ ಹತ್ತಿರ ಬಂದದ್ದಾಯಿತೆಂದೇ ಅರ್ಥ. ಆ ದೂರದಲ್ಲಿ ಹಗ್ಗವನ್ನು ಸಡಿಲವಾಗಿ ಹಿಡಿದು, ಚಿಕ್ಕ ನಾಯಿ ಕಂಡೊಡನೆ ತಿನಿಸು ಕೊಡುತ್ತ, ವಾರಗಳು ಕಳೆದಂತೆ ಅಂತರವನ್ನು ಕಡಿಮೆ ಮಾಡುವುದು ಇದರ ತಿರುಳು. ತೊಡಕು ಮತ್ತೆ ಜಾಗದ್ದೇ: ಎರಡೂ ಬದಿ ಕಾರು ನಿಂತ 30 ಅಡಿಯ ಅಡ್ಡರಸ್ತೆಯಲ್ಲಿ ಸಹನೆಯ ಅಂತರ ಸಿಗುವುದೇ ಇಲ್ಲ. ಹಾಗಾಗಿ ನಿಂತ ಕಾರನ್ನು ಮರೆಯಾಗಿಸಿಕೊಂಡು ನಡೆಯುವುದು, ಎದುರಿನ ನಾಯಿಯತ್ತ ನೇರ ಸಾಗದೆ ಬಿಲ್ಲಿನಂತೆ ಬಳಸಿ ದಾಟುವುದು, ಮುಂದಿನ ಅಡ್ಡರಸ್ತೆಗೆ ತಿರುಗುವುದು, ಬೀದಿ ಬರಿದಾಗಿರುವ ನಸುಕನ್ನು ಆರಿಸಿಕೊಳ್ಳುವುದು ಇವೆಲ್ಲ ಇಲ್ಲಿಗೆ ತಕ್ಕ ಉಪಾಯಗಳು. ನಾಯಿ ಬೊಗಳಿದರೆ ದೇವಲೋಕ ಹಾಳಾಗದೆಂಬ ಗಾದೆಯ ನಿಶ್ಚಿಂತೆ ದೊಡ್ಡ ನಾಯಿಗೆ ಹುಟ್ಟಿನಿಂದ ಬರುವುದಿಲ್ಲ. ಅದನ್ನು ಹೀಗೆ ಕಲಿಸಬೇಕಾಗುತ್ತದೆ.

ಕಲಿಸುವ ಹೊಣೆಯನ್ನು ದೊಡ್ಡ ನಾಯಿಯ ಒಡೆಯನೊಬ್ಬನ ಮೇಲೆಯೇ ಹೊರಿಸುವ ಲೋಕರೂಢಿ ಮಾತ್ರ ನ್ಯಾಯವಾದದ್ದಲ್ಲ. ಚಿಕ್ಕ ನಾಯಿಗಳ ಒಡೆಯರು ತಮ್ಮ ನಾಯಿಗಳೊಡನೆ ನಡೆದುಕೊಳ್ಳುವುದರಲ್ಲಿ ಸ್ಥಿರತೆ ಕಡಿಮೆಯೆಂದು ಆಸ್ಟ್ರಿಯಾದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಕಂಡುಕೊಂಡಿತು. ಎತ್ತರ ಕಡಿಮೆಯಾದಂತೆ ಒಡೆಯರು ವರದಿ ಮಾಡುವ ನಡತೆಯ ದೋಷಗಳು ಹೆಚ್ಚುತ್ತವೆಂದು 2013ರ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ಚಿಕ್ಕ ನಾಯಿಯ ಗುರುಗುಟ್ಟುವಿಕೆ ಮುದ್ದಾಗಿ ಕಾಣುತ್ತದೆ, ಅದೇ ದೊಡ್ಡದರಿಂದ ಬಂದರೆ ದೂರು ದಾಖಲಾಗುತ್ತದೆ. ಆಡಳಿತದ ಕಣ್ಣೂ ಗಾತ್ರದ ಮೇಲೆಯೇ ನೆಟ್ಟಿದೆ: ರಾಟ್‌ವೈಲರ್ ಮುಂತಾದ 23 ತಳಿಗಳನ್ನು ನಿಷೇಧಿಸುವಂತೆ ಕೇಂದ್ರ ಸರ್ಕಾರ 2024ರ ಮಾರ್ಚ್ 12ರಂದು ಹೊರಡಿಸಿದ ಸುತ್ತೋಲೆಯನ್ನು, ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಲಾಗಿದೆಯೆಂದು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ರದ್ದುಪಡಿಸಿತು.

ಸಾಕುಪ್ರಾಣಿಯಿಂದ ಮನುಷ್ಯನಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಒಡೆಯನಿಗೆ ಹಳೆಯ ಭಾರತೀಯ ದಂಡಸಂಹಿತೆಯ 289ನೆಯ ವಿಭಾಗ ಶಿಕ್ಷೆ ವಿಧಿಸುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ವಿಭಾಗ ಅದನ್ನೇ ಮುಂದುವರಿಸಿ, ಆರು ತಿಂಗಳವರೆಗಿನ ಸೆರೆವಾಸವನ್ನೋ 5,000 ರೂಪಾಯಿವರೆಗಿನ ದಂಡವನ್ನೋ ಎರಡನ್ನೂ ಒಟ್ಟಿಗೋ ವಿಧಿಸಲು ಎಡೆ ಕೊಡುತ್ತದೆ. ಈ ವಿಭಾಗದಲ್ಲಿ ಪ್ರಾಣಿಯ ತೂಕ, ಎತ್ತರ, ತಳಿಗಳ ಪ್ರಸ್ತಾಪವೇ ಇಲ್ಲ. ಪದ್ಮನಾಭನಗರದ ಬೀದಿಗಳಲ್ಲಿ ಪಗ್‌ಗಳನ್ನೂ ಪಾಮರೇನಿಯನ್‌ಗಳನ್ನೂ ಗೇಟು ತೆರೆದು ಸುಮ್ಮನೆ ಹೊರಬಿಡುವವರು, ತಮ್ಮ ನಾಯಿಗೂ ಹಗ್ಗ ಹಾಕಿ ಆ ಹಗ್ಗವನ್ನು ಕೈಯಲ್ಲಿ ಹಿಡಿದೇ ಹೊರಡಬೇಕು.