ಗಾದಿ ಮ್ಯಾಲಿನ ಕುಸ್ತಿ

ನಮ್ಮ ಸಾಂಗಲಿ-ಮಿರಜ ಕಡೆ ಕುಸ್ತಿ ಅಂದ್ರ ಕೆಂಪು ಮಣ್ಣು, ಹಲಗಿ ಸಪ್ಪಳ. ಕವಠೆಪಿರಾಣದ ಮಾರುತಿ ಮಾನೆ 1962ರಲ್ಲಿ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದದ್ದು ಮ್ಯಾಟಿನ ಮೇಲೆ. ಆದರೂ ಹಿರಿಯರು, “ಗಾದಿ ಮ್ಯಾಲ ಮಲಗತಾರ, ಆಡೂದಿಲ್ಲ” ಅಂತ ನಗತಿದ್ರು. ಗಾದಿ ಮ್ಯಾಲ ಹುಡುಗಿಯರು ಇಳಿದರಂತೂ ಕೇಳಬ್ಯಾಡ್ರಿ.

ಗಂಡಸರ ಮಹಾರಾಷ್ಟ್ರ ಕೇಸರಿ 1961ರಲ್ಲೇ ಶುರುವಾಗಿತ್ತು. ಹೆಣ್ಣುಮಕ್ಕಳ ಮೊದಲ ಕೇಸರಿಗೆ 2023ರ ಮಾರ್ಚ್ ಬರಬೇಕಾಯಿತು, ಅದೂ ಸಾಂಗಲಿಯಲ್ಲೇ. ಸಾಂಗಲಿಯ ಪ್ರತೀಕ್ಷಾ ಬಾಗಡಿ ಕಲ್ಯಾಣದ ವೈಷ್ಣವಿ ಪಾಟೀಲಳನ್ನು ಸೋಲಿಸಿ ಗದೆ ಹೊತ್ತಳು.

ನಾನೂ ಮೊದಲು ಎತ್ತಿ ಒಗೆದರಷ್ಟೇ ಕುಸ್ತಿ ಅಂತಿದ್ದೆ. ಮ್ಯಾಟಿನ ಕುಸ್ತಿ ನೋಡುವ ಕಣ್ಣು ಬೇರೆ. ಎದುರಾಳಿ ಕೆಳಗ ಬಿದ್ದ ಮ್ಯಾಲ ಖರೇ ಕೆಲಸ ಶುರು: ನಡ ಬಿಗಿಹಿಡಿದು, ಎದೆ ಒತ್ತಿ, ಸೊಂಟ ತಿರುಗಿಸಿ ಉರುಳಿಸಬೇಕು. ಬೆನ್ನು ಮ್ಯಾಟಿನ ಕಡೆ ಹೊರಳಿತೋ, ಎರಡು ಅಂಕ. ಬಲಕ್ಕಿಂತ ಹೊತ್ತು ನೋಡಿ ಹೊರಳುವುದೇ ಹೆಚ್ಚು.

2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಹೆಣ್ಣುಮಕ್ಕಳ ಕುಸ್ತಿ ಮೊದಲ ಸಲ ಬಂತು. ಅಲ್ಲಿ ಚಿನ್ನ ಗೆದ್ದ ಜಪಾನಿನ ಸಾವೊರಿ ಯೊಶಿದಾ ಹೆಸರಾದದ್ದು ಕಾಲಿಗೆ ನುಗ್ಗುವ ವೇಗಕ್ಕೆ. ಒಂದೇ ಕಾಲು ಹಿಡಿದು ಕೆಡವಿದರೆ ನಮ್ಮ ತಾಲೀಮಿನಾಗ ಏಕೇರಿ ಪಟ ಅಂತಾರ. ನಕ್ಕ ಆ ಹಿರಿಯರೇ ಮಣ್ಣಿನಾಗ ಕಲಿಸಿದ ಡಾವು ಅದು.